ಕುರ್ಚಿ ಗಂಟಿನಲ್ಲಿ ಕುಳಿತ ಚರಿತ್ರೆಕಾರ

ನಾನು ಕಟ್ಟಿದ ಗಂಟು ತಾನಾಗಿ ಬಿಚ್ಚಿಕೊಂಡದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಬಳ್ಳಾರಿಯ ಶಾಲೆಯೊಂದರಲ್ಲಿ ಸ್ಕೌಟ್ ಮಾಸ್ತರನಾಗಿದ್ದು ನಿವೃತ್ತನಾದವನು ನಾನು. ಈಗಲೂ ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಹಾಸಿಗೆಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸುತ್ತೇನೆ, ಸಕ್ಕರೆ ಪೊಟ್ಟಣಕ್ಕೂ ಗಂಟು ಹಾಕುತ್ತೇನೆ. ಅದನ್ನು ಬಿಚ್ಚಲಾರದೆ ಹೆಂಡತಿ ಗೌರಮ್ಮ ಕತ್ತರಿ ಹುಡುಕುತ್ತಾಳೆ.

ನಮ್ಮ ಭಾಗದ ಸ್ಕೌಟ್ ದಳಗಳ ಚರಿತ್ರೆ ಬರೆದುಕೊಡಿ ಎಂದು ಶಾಲೆಯವರು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಕೇಳಿದರಲ್ಲ ಎಂದಷ್ಟೇ ಅನಿಸಿತು. ಬರೆದದ್ದನ್ನು ಸಮಾರಂಭವೊಂದರಲ್ಲಿ ಹಳೆಯ ಸ್ಕೌಟುಗಳ ಮುಂದೆ ಓದಬೇಕು, ಯಾರೂ ಆಕ್ಷೇಪಿಸದಿದ್ದರೆ ಅದು ಪುಸ್ತಿಕೆಯಾಗಿ ಎಲ್ಲ ಶಾಲೆಗಳಿಗೆ ಹೋಗಬೇಕು. ಹೀಗೆ ತೀರ್ಮಾನವಾಯಿತು.

ಅದರಲ್ಲಿ ನನಗೆ ಪ್ರಾಣವಾಗಿದ್ದ ವಾಕ್ಯ ಒಂದಿತ್ತು: ‘ಈ ಭಾಗದ ಮೊಟ್ಟಮೊದಲ ದಳ ಹುಟ್ಟಿದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ.’ ನಾನು ಖಾಕಿ ಚಡ್ಡಿ ತೊಟ್ಟು ಪ್ರತಿಜ್ಞೆ ಮಾಡಿದ್ದು ಅದೇ ದಳದಲ್ಲಿ ಎಂಬುದು ಕೇವಲ ಕಾಕತಾಳೀಯ. ಆಧಾರ ಕೇಳಿದರೆ, ಅದಕ್ಕಿಂತ ಹಿಂದಿನದು ನನಗೆ ಯಾವುದೂ ನೆನಪಿಲ್ಲ.

ಬರೀ ಓದಿದರೆ ಮಕ್ಕಳು ಆಕಳಿಸುತ್ತಾರೆ. ಆದ್ದರಿಂದ ಓದು ನಡೆಯುವಾಗಲೇ ಹಳೆಯ ಕಾಲದ ಪ್ರಾತ್ಯಕ್ಷಿಕೆಯೊಂದನ್ನು ಸೇರಿಸಿದೆ: ಬೆಂಕಿ ಬಿದ್ದ ಕಟ್ಟಡದ ಮಹಡಿಯಿಂದ ಮನುಷ್ಯನನ್ನು ಕುರ್ಚಿ ಗಂಟಿನಲ್ಲಿ ಇಳಿಸುವುದು. ಒಂದು ಕುಣಿಕೆ ಕಂಕುಳಡಿ, ಇನ್ನೊಂದು ಮಂಡಿಯಡಿ. ಇಳಿಯುವ ಮನುಷ್ಯ ನಾನು. ಹಗ್ಗ ಹಿಡಿಯುವವರು ಸಿರುಗುಪ್ಪ ದಳದ ಪಂಪಾಪತಿ ಮತ್ತು ಕುರುಗೋಡು ದಳದ ದೊಡ್ಡಬಸಪ್ಪ, ಇಬ್ಬರೂ ನನ್ನ ಓರಗೆಯವರು, ಹಳೆಯ ಗೆಳೆಯರು. ಒಂದೇ ಹಗ್ಗದಲ್ಲಿ ಮೂರೂ ಊರುಗಳ ಒಗ್ಗಟ್ಟು ಕಾಣಬೇಕೆಂಬುದು ನನ್ನ ಘನ ಉದ್ದೇಶ.

“ಭತ್ತದ ಚೀಲ ಕಟ್ಟಿ ಇಳಸ್ರಿ. ಅದಕ್ಕ ಸೊಂಟ ನೋವಿಲ್ಲ, ಹಟಾನೂ ಇಲ್ಲ,” ಎಂದಳು ಗೌರಮ್ಮ.

ಚರಿತ್ರೆಯನ್ನು ಚೀಲಗಳು ನಿರ್ಮಿಸುವುದಿಲ್ಲ ಎಂದು ಅವಳಿಗೆ ತಿಳಿಹೇಳಿದೆ.

ಆ ದಿನ ಮಹಡಿಯ ಕಂಬಕ್ಕೆ ಹಗ್ಗವನ್ನು ಒಂದು ಸುತ್ತು ಹಾಕಿ ಇಬ್ಬರೂ ಅದರ ಹಿಂದೆ ನಿಂತರು. ಕೆಳಗೆ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಅಪ್ಪಣೆಯಿಲ್ಲದೆ ಯಾರೂ ಜಾಗ ಬಿಟ್ಟು ಕದಲಬಾರದೆಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ಟೋಪಿ ಸರಿಪಡಿಸಿಕೊಂಡು ಮಹಡಿಯ ಗೋಡೆ ದಾಟಿದೆ. ಈಗಿನ ದಳದ ಶಿಕ್ಷಕಿ ಶಾಹೀನ್ ಮೇಡಂ ಮೈಕಿನಲ್ಲಿ ಓದತೊಡಗಿದರು. ಹಗ್ಗ ಬೆಣ್ಣೆಯಂತೆ ಇಳಿಯಿತು. ನಾನು ಅರ್ಧ ದಾರಿಗೆ ಬರುವುದಕ್ಕೂ ಮೇಡಂ ಆ ವಾಕ್ಯಕ್ಕೆ ಬರುವುದಕ್ಕೂ ಸರಿಹೋಯಿತು.

ಹಗ್ಗ ನಿಂತಿತು.

“ಏನಂದ್ಲು ಆಕಿ?” ಪಂಪಾಪತಿಯ ದನಿ ಮೇಲಿನಿಂದ ಬಂತು.

“ಕೌಲ್ ಬಜಾರ್ ಮೊದಲಂತ,” ಎಂದ ದೊಡ್ಡಬಸಪ್ಪ.

“ಇಂವ ಬರದಾನೇನು?”

“ಮತ್ಯಾರು ಬರೀತಾರ?”

ಪಂಪಾಪತಿ ಬಗ್ಗಿ ನನ್ನನ್ನು ನೋಡಿದ. “ಲೇ ಮಾಸ್ತರ, ನಮ್ಮ ಸಿರುಗುಪ್ಪದಾಗ ಕ್ಯಾಂಪ್ ಹಾಕೋ ಕಾಲಕ್ಕ ನಿಮ್ಮ ಕೌಲ್ ಬಜಾರಿನ್ಯಾಗ ಡೇರೆ ಕಂಡ್ರ ಸರ್ಕಸ್ ಬಂತು ಅಂತಿದ್ರು.”

ಮೊದಲು ಇಳಿಸು, ಆಮೇಲೆ ಮಾತಾಡೋಣ ಎಂದೆ. ಇಳಿದ ಮೇಲೆ ಇವನು ಮಾತು ಕೇಳುವವನಲ್ಲ ಎಂದು ದೊಡ್ಡಬಸಪ್ಪ ಪಂಪಾಪತಿಯನ್ನು ಎಚ್ಚರಿಸಿದ. ನನ್ನನ್ನು ಅವನು ಚೆನ್ನಾಗಿ ಬಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. “ಅಂದಂಗ ಸಿರುಗುಪ್ಪನೂ ಮೊದಲಲ್ಲ ಬಿಡು. ನಿಮಗ ಗಂಟು ಕಲಿಸಿದವ್ರ ನಮ್ಮ ಕುರುಗೋಡಿನ ಹುಡುಗ್ರು,” ಎಂದುಬಿಟ್ಟ.

ಪಂಪಾಪತಿಗೆ ಸಿಟ್ಟು ಬಂದರೆ ತೆಲುಗು ಬರುತ್ತದೆ. ತೆಲುಗು ಬಂದರೆ ಎರಡೂ ಕೈ ಬೇಕಾಗುತ್ತವೆ. ನಾನು ಒಂದು ಮೊಳ ಧಡಕ್ಕನೆ ಕುಸಿದು ನಿಂತೆ. ಟೋಪಿ ಮಾತ್ರ ಕೆಳಗೆ ತಲುಪಿತು!

ಹಗ್ಗ ಕಂಬಕ್ಕೆ ಉಜ್ಜಿ ಕಿರುಗುಟ್ಟುತ್ತಿತ್ತು. ಕಾಲು ಜೋಮು ಹಿಡಿದವು. ಗಂಟಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಬೇಕೆಂದರೂ ಅದರೊಳಗಿಂದ ನುಸುಳಿ ಹಾರುವಂತಿರಲಿಲ್ಲ. ಕೊನೆಗೆ ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು ಇದ್ದ ಉಸಿರನ್ನೆಲ್ಲ ಊದಿದೆ. ಒಂದು ಉದ್ದ ಸೀಟಿ ಎಂದರೆ ಅಲುಗಾಡದೆ ನಿಲ್ಲಬೇಕೆಂದು ಅರ್ಥ. ಮಕ್ಕಳು ಅಲುಗಾಡದೆ ನಿಂತರು. ಇಷ್ಟು ಒಳ್ಳೆಯ ಶಿಸ್ತನ್ನು ನಾನು ನೌಕರಿಯಲ್ಲಿದ್ದಾಗಲೂ ಕಂಡಿರಲಿಲ್ಲ.

ಗೌರಮ್ಮ ನನ್ನ ಕೆಳಗೆ ಬಂದು ಕತ್ತೆತ್ತಿದಳು. “ರೀ, ಯಾವುದಾರ ಒಂದು ಊರಿನ ಹೆಸರು ಹೇಳಿ ಇಳೀರಿ.”

ಸಿರುಗುಪ್ಪ ಎಂದೆ. ಪಂಪಾಪತಿ ಹಗ್ಗ ಸಡಿಲಿಸಿದ, ದೊಡ್ಡಬಸಪ್ಪ ಬಿಗಿಹಿಡಿದ. ಕುರುಗೋಡು ಎಂದೆ. ದೊಡ್ಡಬಸಪ್ಪ ಸಡಿಲಿಸಿದ, ಪಂಪಾಪತಿ ಎಳೆದ. ನಾನು ಒಂದು ಗೇಣು ಮೇಲೆಯೇ ಹೋದೆ. ಶಾಹೀನ್ ಮೇಡಂ ಪೆನ್ನು ತೆರೆದು, “ಸರ್, ಯಾವ ಊರು ಓದ್ಲಿ?” ಎಂದು ಮೈಕಿನಲ್ಲೇ ಕೇಳಿದರು. ಪಾಪ, ಅವರಿಗೆ ಕಾರ್ಯಕ್ರಮ ಮುಗಿಯಬೇಕಿತ್ತು.

ನಾನು ಗೋಡೆಯನ್ನೊಮ್ಮೆ ನೋಡಿದೆ, ನೆಲವನ್ನೊಮ್ಮೆ ನೋಡಿದೆ. ಕೌಲ್ ಬಜಾರಿನ ನಮ್ಮ ಹಳೆಯ ಮಾಸ್ತರರನ್ನು ನೆನೆದು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

“ಮೇಡಂ, ಬರ್ಕೊಳ್ರಿ. ಕೌಲ್ ಬಜಾರ್ ಮೂರನೇದು.”

ಮೇಲಿನಿಂದ ಎರಡೂ ತಲೆಗಳು ಬಗ್ಗಿ ನನ್ನನ್ನು ನೋಡಿದವು.

“ಹಂಗ ಹೇಳು ಮತ್ತ,” ಎಂದರು ಇಬ್ಬರೂ ಒಟ್ಟಿಗೇ. ಹಗ್ಗ ಮತ್ತೆ ಬೆಣ್ಣೆಯಂತೆ ಇಳಿಯಿತು. ಮೂರೂ ಊರುಗಳ ಒಗ್ಗಟ್ಟು ಎಲ್ಲರಿಗೂ ಕಂಡಿತು. ಜೋರಾಗಿ ಚಪ್ಪಾಳೆಯೂ ಬಿತ್ತು.

ಪುಸ್ತಿಕೆ ಈಗ ಅಚ್ಚಾಗಿದೆ. ಮೊದಲ ದಳ ಯಾವುದೆಂಬ ಬಗ್ಗೆ ಭಿನ್ನಾಭಿಪ್ರಾಯವಿದೆಯೆಂದೂ ಮೂರನೆಯದು ಕೌಲ್ ಬಜಾರಿನದೆಂದೂ ಅದು ಸಾರುತ್ತದೆ. ಒಳಗೊಂದು ಫೋಟೋ ಇದೆ: ಬೋಳುತಲೆಯ ಹಿರಿಯರೊಬ್ಬರು ನೆಲಕ್ಕೂ ಮಹಡಿಗೂ ನಡುವೆ ಸೀಟಿ ಕಚ್ಚಿಕೊಂಡು ನೇತಾಡುತ್ತಿದ್ದಾರೆ, ಕೆಳಗೆ ಹೆಸರು ಊರು ಸಹಿತ. ಸಿರುಗುಪ್ಪದವರೂ ಕುರುಗೋಡಿನವರೂ ಪುಸ್ತಿಕೆಯ ಪ್ರತಿಯೊಂದು ಪುಟಕ್ಕೂ ತಕರಾರು ಬರೆದು ಕಳಿಸಿದ್ದಾರೆ. ಇಡೀ ಚರಿತ್ರೆಯಲ್ಲಿ ಎಲ್ಲರೂ ಒಪ್ಪಿರುವ ಘಟನೆ ಆ ಫೋಟೋದಲ್ಲಿರುವುದೊಂದೇ.