ಕಿಟಕಿ ಪಕ್ಕದ ಕುರ್ಚಿ

ತಿಂಗಳ ಕೊನೆಯ ದಿನ ವಾಪಸು ಬಂದ ಪುಸ್ತಕಗಳನ್ನೆಲ್ಲ ಲೈಬ್ರರಿಯ ಕಂಪ್ಯೂಟರು ‘ಕಳೆದುಹೋಗಿದೆ’ ಎನ್ನುತ್ತಿತ್ತು. ಪುಸ್ತಕ ನೋಡಿದರೆ ಅತ್ತೆಮನೆಗೆ ಬಂದ ಅಳಿಯನ ಹಾಗೆ ಮೇಜಿನ ಮೇಲೆ ಆರಾಮಾಗಿ ಬಿದ್ದಿರುತ್ತಿತ್ತು.

ಆ ಪ್ರೋಗ್ರಾಂ ಬಿಟ್ಟಿಯದು. ಊರೂರಿನ ಜನ ಸೇರಿ ಬರೆದದ್ದು. ತಪ್ಪು ಕಂಡವರು ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಅಲ್ಲಿನ ಹಿರಿಯರು ನೋಡಿ ಒಪ್ಪಿದರೆ, ತಿದ್ದಿದವರ ಹೆಸರು ಅದರ ಚರಿತ್ರೆಯಲ್ಲಿ ಶಾಶ್ವತ.

“ಯಾರ ಹೆಸರು ಅಲ್ಲಿ ಬರುತ್ತೋ, ಅವರಿಗೆ ಕಿಟಕಿ ಪಕ್ಕದ ಕುರ್ಚಿ,” ಎಂದರು ಲೈಬ್ರರಿಯನ್ ಮೇಡಂ.

ನೆಲಮಾಳಿಗೆಯ ಹಳೇ ಪುಸ್ತಕಗಳ ನಡುವೆ ಆರು ವರ್ಷ ಕೂತು ‘ಇಲಿರಾಯ’ ಎಂದೇ ಹೆಸರಾಗಿದ್ದ ಗುಮಾಸ್ತನ ಕಿವಿ ನೆಟ್ಟಗಾಯಿತು. ಪ್ರೋಗ್ರಾಂ ಬರೆಯುವುದನ್ನು ಅವನು ಅಲ್ಲೇ ಓದಿ ಕಲಿತಿದ್ದ. ಆದರೆ ನೆಲಮಾಳಿಗೆಗೆ ಇಂಟರ್‌ನೆಟ್ ಇಳಿಯುತ್ತಿರಲಿಲ್ಲ. ಬೆಳಿಗ್ಗೆಯೇ ಮೇಲೆ ಬಂದು ಕೌಂಟರ್ ಅಕ್ಕನ ಕಂಪ್ಯೂಟರ್ ಮುಂದೆ ನಿಂತ.

“ಕೂತ್ಕೋ ತಮ್ಮ, ನಂಗೂ ಕಣ್ಣುರಿ,” ಎಂದು ಅಕ್ಕ ಹೆಣಿಗೆ ತೆಗೆದಳು.

ತಪ್ಪು ಒಂದೇ ಸಾಲಿನಲ್ಲಿತ್ತು. ತಿಂಗಳ ಕೊನೆಯ ದಿನವನ್ನು ಸೇರಿಸುವುದನ್ನೇ ಯಾರೋ ಮರೆತಿದ್ದರು. ತಿದ್ದಿದ.

“ಇಷ್ಟೇನಾ? ಒಂದು ಸಾಲಿಗೆ ಯಾರಪ್ಪ ಕುರ್ಚಿ ಕೊಡ್ತಾರೆ? ತೂಕ ಬೇಕು, ತೂಕ!” ಎಂದು ಪಕ್ಕದಲ್ಲೇ ಪುಸ್ತಕಗಳಿಗೆ ರಟ್ಟು ಅಂಟಿಸುತ್ತಿದ್ದ ಬೈಂಡರ್ ಮಾಮ ಅಂಟುಗೈಯಲ್ಲೇ ಮೌಸ್ ಕಿತ್ತುಕೊಂಡು, ಆ ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಕಳಿಸಿಯೇಬಿಟ್ಟ.

ಊಟದ ಹೊತ್ತಿಗೆ ಉತ್ತರ ಬಂತು. ‘ನಿಮ್ಮ ಸಾಲು ಸರಿಯಾಗಿದೆ. ಜೊತೆಗೆ ಮೂರು ರಜೆ ಅರ್ಜಿ ಏಕೆ? ಒಬ್ಬರ ಅಜ್ಜಿ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡದ್ದು ಹೇಗೆ?’

ಅರ್ಜಿಗಳು ಮಾಮನವು. ಟೈಪ್ ಮಾಡಿಕೊಟ್ಟವಳು ಅಕ್ಕ.

“ಮೊದ್ಲು ತೆಗೆಯೋ! ಮೇಡಂ ನೋಡಿದ್ರೆ ನಾಲ್ಕನೇ ಸಲ ಸಾಯೋದು ನಾನು!” ಎಂದ ಮಾಮ.

ಇಲಿರಾಯ ಬೆವರೊರೆಸಿಕೊಂಡು ಎಲ್ಲ ಅಳಿಸಿ, ಬರೀ ಆ ಸಾಲನ್ನು ಮತ್ತೆ ಕಳಿಸಿದ. ಒಬ್ಬ ಹಿರಿಯ, ಸಾಲಿನ ಮುಂದೆ ಎರಡು ಖಾಲಿ ಜಾಗ ಹೆಚ್ಚಾಯಿತು ಎಂದ. ತೆಗೆದ. ಇನ್ನೊಬ್ಬ, ಏಕೆ ತಿದ್ದಿದಿರಿ, ವಿವರಿಸಿ ಎಂದ. ವಿವರಿಸಿದ. ಬಾಡಿಗೆಮನೆಯ ಮಾಲೀಕನೂ ಅವನನ್ನು ಇಷ್ಟು ಪ್ರಶ್ನೆ ಕೇಳಿರಲಿಲ್ಲ.

ನಾಲ್ಕು ಗಂಟೆಗೆ ಒಪ್ಪಿಗೆ ಬಿತ್ತು. ಮಾಮ ಅವನನ್ನು ತಬ್ಬಿಕೊಂಡು ಕುಣಿದ. ಅಂಟಿಕೊಂಡ ಅಂಗಿಗಳನ್ನು ಅಕ್ಕ ಬಿಡಿಸಬೇಕಾಯಿತು. ಮೇಡಂ ಬಂದು, ಕನ್ನಡಕ ಏರಿಸಿ ಚರಿತ್ರೆ ಓದಿದರು.

ಅಲ್ಲಿದ್ದದ್ದು ಕೌಂಟರ್ ಅಕ್ಕನ ಹೆಸರು.

“ಅಯ್ಯೋ! ಹೋದ ವರ್ಷ ತರಬೇತೀಲಿ ಹೆಸರು ಹಾಕಿ ಅಂದ್ರು, ಹಾಕಿದ್ದೆ. ಈ ಕಂಪ್ಯೂಟರಿಂದ ಯಾರು ಏನು ಕಳಿಸಿದ್ರೂ ನನ್ನ ಹೆಸರೇ ಹೋಗುತ್ತೆ ಅಂತ ನಂಗೇನು ಗೊತ್ತು?”

“ಮೇಡಂ, ತಿದ್ದಿದ್ದು ನಾನು! ಇವರಿಬ್ಬರೂ ನೋಡಿದಾರಲ್ಲ!”

“ನೋಡಿರಬಹುದಪ್ಪ. ಆದ್ರೆ ಪುಸ್ತಕ ಕಣ್ಮುಂದೆ ಇದ್ರೂ, ದಾಖಲೆ ಕಳೆದುಹೋಗಿದೆ ಅಂದ್ರೆ ಕಳೆದುಹೋದ ಹಾಗೇ. ನಾನು ದಾಖಲೆ ನೋಡೋಳು.”

ಅಕ್ಕ ಕಂಪ್ಯೂಟರ್ ಸಮೇತ ಕಿಟಕಿ ಪಕ್ಕ ಕೂತಳು. ಐದೇ ನಿಮಿಷ.

“ಮೇಡಂ, ಬಿಸಿಲು ನೇರ ಪರದೆ ಮೇಲೇ ಬೀಳುತ್ತೆ, ಏನೂ ಕಾಣಲ್ಲ. ಆ ಹಿರಿಯರು ಬೇರೆ, ‘ನಿಮ್ಮಂಥವರೇ ಬೇಕು’ ಅಂತ ನಂಗೆ ಇನ್ನೂ ಹನ್ನೊಂದು ತಪ್ಪು ಕಳಿಸಿದಾರೆ.”

ಬಿಸಿಲು ಬೀಳದ ಜಾಗ ಆ ಕಟ್ಟಡದಲ್ಲಿ ಒಂದೇ ಇತ್ತು. ಬೈಂಡರ್ ಮಾಮ ಕಂಪ್ಯೂಟರ್ ಹೊತ್ತು ಇಳಿದ. ಆರು ವರ್ಷದ ಮೇಲೆ ನೆಲಮಾಳಿಗೆಗೆ ಇಂಟರ್‌ನೆಟ್ ಇಳಿಯಿತು, ಅದರ ವೈರು ಹಿಡಿದು, ಆ ಹನ್ನೊಂದು ತಪ್ಪು ತಿದ್ದಲು ಹಿಂದೆಯೇ ಇಲಿರಾಯನೂ.

ಮೇಲೆ ಕಿಟಕಿ ಪಕ್ಕದಿಂದ ಅಕ್ಕ ಕೂಗಿದಳು: “ಹೆಸರು ಮಾತ್ರ ಬದಲಾಯಿಸ್ಬೇಡ ತಮ್ಮಾ, ನನ್ನ ಕುರ್ಚಿ ಹೋಗುತ್ತೆ!”