ಅಮೂರ್ತ ಚಿತ್ರದ ಮೇಲೆ ಸಂಡಿಗೆ

ನಿವೃತ್ತ ಗಣಿತ ಶಿಕ್ಷಕನಾದ ನಾನು ಅಮೂರ್ತ ಚಿತ್ರಕಲೆಗೆ ಇಳಿದದ್ದಕ್ಕೆ ಸವದತ್ತಿಯ ನಮ್ಮ ಬೀಗರೇ ಹೊಣೆ. ಮಗಳ ನಿಶ್ಚಿತಾರ್ಥಕ್ಕೆಂದು ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದ ಅವರು, ನಾನು ಸ್ವಹಸ್ತದಿಂದ ಬಣ್ಣ ಬಳಿದಿದ್ದ ಕಿಟಕಿಯನ್ನು ದಿಟ್ಟಿಸಿ, "ಬೀಗರ, ಕಟ್ಟಿಗಿಗಿಂತ ಗಾಜಿಗೇ ಹೆಚ್ಚು ಬಣ್ಣ ಹತ್ತೇತಲ್ರಿ!" ಎಂದಿದ್ದರು. ನಲವತ್ತು ಜನ ನಕ್ಕರು. ನಕ್ಕವರ ಹೆಸರುಗಳು ಇಂದಿಗೂ ನನಗೆ ಕಂಠಪಾಠ!

ಈಗ ಮಗಳು, ಅಳಿಯ ಸವದತ್ತಿಯಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ. ಅದರ ಪಡಸಾಲೆಯಲ್ಲಿ ನನ್ನ ಚಿತ್ರವೊಂದನ್ನು ತೂಗುಹಾಕಿ, ಅದೇ ಬೀಗರ ಬಾಯಿಂದ 'ಭೇಷ್' ಅನ್ನಿಸಿಕೊಳ್ಳಬೇಕೆಂದು ಸಂಕಲ್ಪಿಸಿದೆ. ನವ್ಯ ಕಲಾವಿದರು ಮನೆಗೆ ಬಳಿಯುವ ಬಣ್ಣವನ್ನೇ ಸುರಿದು ಚಿತ್ರ ಮಾಡುತ್ತಾರೆಂದೂ, ಅದರಲ್ಲಿ ಆಕಾರಕ್ಕಿಂತ ಮೇಲ್ಮೈಯ ಒರಟುತನವೇ ಮುಖ್ಯವೆಂದೂ ಮೊಬೈಲಿನಲ್ಲಿ ನೋಡಿದ್ದೆ. ಆಕಾರವೇ ಬೇಕಿಲ್ಲದ ಕಲೆ! ನನಗಾಗಿಯೇ ಹುಟ್ಟಿದಂತಿತ್ತು.

ಪ್ಲೈವುಡ್ ಹಲಗೆಗೆ ಗೋಡೆಯ ಪುಟ್ಟಿ ಮೆತ್ತಿದೆ. ಅದು ಒಣಗುವ ಮುನ್ನವೇ ನೀಲಿ ಆಯಿಲ್ ಪೇಂಟನ್ನು ಡಬ್ಬಿಯಿಂದ ಧಾರಾಳವಾಗಿ ಸುರಿದೆ. ಆದರೆ ಆ ಉಬ್ಬು ತಗ್ಗುಗಳನ್ನು ನನ್ನ ಶಿಸ್ತು ಸಹಿಸಲಿಲ್ಲ. ಅಳತೆಪಟ್ಟಿಯಿಂದ ಎಲ್ಲವನ್ನೂ ಸಮ ಮಾಡಿಬಿಟ್ಟೆ! ಒಣಗಲೆಂದು ಮಾಳಿಗೆಯ ಮೇಲಿಟ್ಟೆ.

ಹೊಸ ಮನೆಯ ವಾಸ್ತುಶಾಂತಿಯ ಹಿಂದಿನ ದಿನ ಮಾಳಿಗೆ ಹತ್ತಿ ನೋಡಿದರೆ, ನನ್ನ ಚಿತ್ರದ ಮೇಲೆ ನನ್ನದೇ ಹಳೆಯ ಧೋತರ. ಧೋತರದ ಮೇಲೆ ಸಾಲುಸಾಲು ಸಂಡಿಗೆ!

"ಇದೇನ ಮಾಡಿದಿ? ಅದು ನನ್ನ ಚಿತ್ರ!" ಎಂದು ಗರ್ಜಿಸಿದೆ.

"ಚಿತ್ರ ಎಲ್ಲೈತ್ರಿ ಇದರಾಗ?" ಎಂದಳು ಹೆಂಡತಿ. "ಹಲಗಿಗೆ ಬಣ್ಣ ಹಚ್ಚೀರಿ ಅಂತ ತಿಳದೆ. ಮುಟ್ಟಿ ನೋಡೇನಿ, ಒಣಗಿತ್ತು."

ಒಣಗಿದ್ದು ಮೇಲಿನ ಪದರ ಮಾತ್ರ, ಒಳಗೆಲ್ಲ ಹಸಿ! ಧೋತರ ಕಿತ್ತಾಗ ನೀಲಿ ಬಣ್ಣ ಮುದುಕನ ಕೆನ್ನೆಯಂತೆ ಸುಕ್ಕುಗಟ್ಟಿತ್ತು. ಸಂಡಿಗೆ ಇದ್ದಲ್ಲೆಲ್ಲ ದುಂಡು ತಗ್ಗುಗಳು. ಬೇರೆ ಮಾಡಲು ಸಮಯವಿರಲಿಲ್ಲ. ಮಗಳು ಆಗಲೇ ಗೋಡೆಗೆ ಮೊಳೆ ಹೊಡೆಸಿ, ಬಂಧುಗಳಿಗೆಲ್ಲ ಹೇಳಿಬಿಟ್ಟಿದ್ದಳು.

ಮರುದಿನ ಸವದತ್ತಿಯಲ್ಲಿ ಬೀಗರು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಅವರು ತಗ್ಗುಗಳ ಮೇಲೆ ಬೆರಳಾಡಿಸಿ, "ಭೇಷ್! ಕೆರಿ ನೀರಾಗ ಹನಿ ಬಿದ್ದಂಗ ಕಾಣತೈತ್ರಿ. ಇದನ್ನ ಹೆಂಗ ಮಾಡಿದ್ರಿ ಬೀಗರ?" ಎಂದರು.

ನಾನು ಗಂಟಲು ಸರಿಪಡಿಸಿಕೊಂಡು, "ಅದೊಂದು ವಿಶಿಷ್ಟ ತಂತ್ರ..." ಎಂದು ಆರಂಭಿಸಿದೆ.

"ಸೌಟಿನ ಬೆನ್ನಲೆ ಒತ್ತೇನ್ರಿ ಅಣ್ಣಾರ," ಎಂದಳು ಹೆಂಡತಿ.

"ಹೌದ? ಹಂಗಾದ್ರ ನಮ್ಮ ಮನಿಗೂ ಒಂದು ಮಾಡಿಕೊಡ್ರಿ ಅಕ್ಕಾರ!"

ಈಗ ನಮ್ಮ ಮಾಳಿಗೆಯ ಮೇಲೆ ಎರಡನೆಯ ಕಲಾಕೃತಿ ಸಿದ್ಧವಾಗುತ್ತಿದೆ. ಅದರಲ್ಲಿ ನನಗೂ ಒಂದು ಜವಾಬ್ದಾರಿ ವಹಿಸಲಾಗಿದೆ. ಕೊಡೆ ಹಿಡಿದು ಕುಳಿತು, ಕಾಗೆ ಓಡಿಸುತ್ತಿದ್ದೇನೆ!