ಬೀರುವಿನ ಆಚೆ ಹೆಡ್‌ಮೇಷ್ಟ್ರು, ಈಚೆ ಗಣಿತದ ಮೇಷ್ಟ್ರು

ನಮ್ಮ ಸ್ಕೂಲಲ್ಲಿ ಏನಾದ್ರೂ ಒಂದು ಫಜೀತಿ ಆಗದೆ ಸಾಯಂಕಾಲದ ಬೆಲ್ ಹೊಡೆದದ್ದೇ ಇಲ್ಲ. ಅರ್ಧಕ್ಕೆ ನಾನೇ ಕಾರಣ ಅಂತಾರೆ. ಸುಳ್ಳು! ಮುಕ್ಕಾಲಿಗೆ ನಾನು. ಮಿಕ್ಕ ಕಾಲು ಭಾಗ ನಮ್ಮ ಹೆಡ್‌ಮೇಷ್ಟ್ರಿಗೂ ಗಣಿತದ ಮೇಷ್ಟ್ರಿಗೂ ಸೇರಬೇಕು. ಆ ಕಾಲು ಭಾಗದ ಮುಂದೆ ನನ್ನ ಮುಕ್ಕಾಲು ಏನೂ ಅಲ್ಲ ಕಣ್ರೀ.

೧. ಕೆಂಪು ಗೆರೆ

ಗಣಿತದ ಮೇಷ್ಟ್ರು ನಂಜನಗೂಡಿಂದ ನರಸೀಪುರದ ಬಸ್ಸಲ್ಲಿ ಬರೋರು. ಸ್ಕೂಲು ಹತ್ತಕ್ಕೆ, ಬಸ್ಸು ಹತ್ತೂ ಐದಕ್ಕೆ. ಹೆಡ್‌ಮೇಷ್ಟ್ರು ಹಾಜರಿ ಪುಸ್ತಕ ತೊಡೆ ಮೇಲಿಟ್ಕೊಂಡು, ಹತ್ತು ಹೊಡೆದ ತಕ್ಷಣ ಮೇಷ್ಟ್ರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯೋರು.

"ಸಾರ್, ನಿಮ್ಮ ಗಡಿಯಾರ ಐದು ನಿಮಿಷ ಮುಂದಿದೆ."

"ಗಡಿಯಾರ ಸರಿಯಾಗಿದೆ ಮೇಷ್ಟ್ರೇ. ನಿಮ್ಮ ಬಸ್ಸೇ ಹಿಂದಿದೆ."

ಒಂದಿನ ಏನಾಯ್ತು ಅಂದ್ರೆ, ಬಸ್ಸು ಬೇಗ ಬಂದುಬಿಡ್ತು! ಅವತ್ತೇ ಹೆಡ್‌ಮೇಷ್ಟ್ರ ಸೈಕಲ್ ಪಂಕ್ಚರ್. ಬೆವರು ಸುರಿಸ್ತಾ ಸೈಕಲ್ ತಳ್ಕೊಂಡು ಬಂದರೆ, ಬಾಗಿಲಲ್ಲಿ ಗಣಿತದ ಮೇಷ್ಟ್ರು ಕೆಂಪು ಪೆನ್ನು ಹಿಡಿದು ನಿಂತಿದ್ದಾರೆ. ಹೆಡ್‌ಮೇಷ್ಟ್ರ ಹೆಸರಿನ ಮುಂದೆ ಗೆರೆ ಎಳೆದೇಬಿಟ್ರು. ಅದೂ ಸ್ಕೇಲ್ ಇಟ್ಟು. ಗಣಿತದ ಮೇಷ್ಟ್ರಲ್ವಾ!

೨. ಮಾತಿಲ್ಲ, ಮೆಮೋ

ಅವತ್ತಿಂದ ಇಬ್ಬರಿಗೂ ಮಾತು ಬಂದ್. ಆದ್ರೆ ಕೂರೋದು ಒಂದೇ ರೂಮಲ್ಲಿ, ಮಧ್ಯೆ ಒಂದು ಬೀರು ಅಡ್ಡ. ಹೆಡ್‌ಮೇಷ್ಟ್ರು ಹೇಳಬೇಕಾದ್ದನ್ನು ಮೆಮೋ ಪುಸ್ತಕದಲ್ಲಿ ಬರೆಯೋದು, ಮೇಷ್ಟ್ರು ಕೆಳಗೆ "ನೋಡಿದೆ" ಅಂತ ಬರೆದು ರುಜು ಹಾಕೋದು. ಜವಾನನಿಗೆ ಮಂಡಿನೋವು. ಪುಸ್ತಕ ಹೊರೋಕೆ ಯಾರು? ಗಣಿತದಲ್ಲಿ ಫೇಲಾಗಿ ಒಂಬತ್ತನೇ ಕ್ಲಾಸಲ್ಲೇ ಎರಡನೇ ವರ್ಷ ಕೂತಿದ್ದ ನಾನು.

ಆಚೆಯಿಂದ ಈಚೆಗೆ ನಾಲ್ಕೇ ಹೆಜ್ಜೆ.

"ಗಾಳಿ ಬರುತ್ತಿದೆ. ಕಿಟಕಿ ಮುಚ್ಚುವುದು."

"ನೋಡಿದೆ."

ಕಿಟಕಿ ಹಾಗೇ ಇತ್ತು. ಪುಸ್ತಕ ಮತ್ತೆ ಬಂತು. "ನೋಡಿದರೆ ಸಾಲದು. ಮುಚ್ಚುವುದು."

"ಇದನ್ನೂ ನೋಡಿದೆ."

ಅಷ್ಟರಲ್ಲಿ ಹೆಡ್‌ಮೇಷ್ಟ್ರು ಬೀರು ಅಲ್ಲಾಡೋ ಹಾಗೆ ಸೀನಿದ್ರು. ಗಣಿತದ ಮೇಷ್ಟ್ರು ಪುಸ್ತಕ ಕಿತ್ಕೊಂಡು ತಾವೇ ಬರೆದರು: "ಮಾನ್ಯರು ಸೀನುವಾಗ ಕರವಸ್ತ್ರ ಬಳಸಬೇಕಾಗಿ ವಿನಂತಿ."

ಹೆಡ್‌ಮೇಷ್ಟ್ರು ಓದಿದ್ರು, ಮೂಗು ಒರೆಸ್ಕೊಂಡ್ರು, ಬರೆದ್ರು: "ನೋಡಿದೆ."

೩. ಬೈಂಡಿನೊಳಗಿನ ಅರ್ಜಿ

ಒಂದಿನ ಮೇಷ್ಟ್ರು ಮಡಚಿದ ಕಾಗದ ಕೊಟ್ಟು, "ಆಚೆಗೆ ಕೊಡ್ಲಾ" ಅಂದ್ರು. ಆಚೆ ಹೋಗೋ ನಾಲ್ಕು ಹೆಜ್ಜೇಲಿ ನಾನು ಓದಿಬಿಟ್ಟೆ. ವರ್ಗಾವಣೆ ಅರ್ಜಿ! "ಈ ಮುಖ್ಯೋಪಾಧ್ಯಾಯರ ಕೈಕೆಳಗೆ ಇನ್ನೊಂದು ದಿನವೂ ಕೆಲಸ ಮಾಡಲಾರೆ."

ನನ್ನ ತಲೆಗೆ ಲೆಕ್ಕ ಇಳಿಸಬಲ್ಲ ಮನುಷ್ಯ ಭೂಮಿ ಮೇಲೆ ಅವರೊಬ್ರೇ. ಭಿನ್ನರಾಶೀನ ಕಬ್ಬಿನ ಜಲ್ಲೆ ಮುರಿದು ಕಲಿಸಿದೋರು. ನಮ್ಮಪ್ಪ ಆಗ್ಲೇ ಹೇಳಿತ್ತು, "ಈ ಸಲಾನೂ ಫೇಲಾದ್ರೆ ಬನ್ನೂರಿನ ಆಲೆಮನೇಲಿ ಕಬ್ಬು ಹೊರಾಕ್ ಓಗು ಮಗನೇ." ಮೇಷ್ಟ್ರು ಹೋದ್ರೆ ನನ್ನ ಗತಿ ಆಲೆಮನೆಯೇ!

ಅರ್ಜೀನ ಮೆಮೋ ಪುಸ್ತಕಕ್ಕೆ ಹಾಕಿದ್ದ ಕಾಕಿ ಬೈಂಡಿನೊಳಗೆ ತೂರಿಸಿಬಿಟ್ಟೆ.

ಮಾರನೇ ದಿನ ಮೇಷ್ಟ್ರು, "ಕೊಟ್ಟೆಯೇನ್ಲಾ?"

"ಕೊಟ್ಟೆ ಸಾ."

"ಏನಂದ್ರು?"

"ಎರಡೆರಡ್ ಸಲ ಓದಿದ್ರು ಸಾ. ಯೋಚ್ನೆ ಮಾಡ್ಬೇಕು ಅಂದ್ರು."

ಮೇಷ್ಟ್ರ ಮುಖ ಮೆತ್ತಗಾಯ್ತು. "ನನ್ನ ಕಳಿಸೋಕೆ ಅಷ್ಟೊಂದು ಯೋಚನೇನಾ ಅವರಿಗೆ?"

"ಇನ್ನೇನ್ ಸಾ? ನೀವೋದ್ರೆ ಕೆಂಪು ಗೆರೆ ಯಾರ್ಗೆ ಎಳೀತಾರೆ?"

೪. ಇನ್‌ಸ್ಪೆಕ್ಟರ್ ಬಂದರು

ನಾಳೆ ಇನ್‌ಸ್ಪೆಕ್ಟರ್ ಬರ್ತಾರೆ ಅಂತ ಸುದ್ದಿ ಬಂತು. ಅವರು ಎಲ್ಲಿ ಹೋದ್ರೂ ಮೊದಲು ಕೇಳೋದು ಮೆಮೋ ಪುಸ್ತಕ! ಬೀರುವಿನ ಆಚೆಯಿಂದ ಹೆಡ್‌ಮೇಷ್ಟ್ರ ತಲೆ ನಿಧಾನವಾಗಿ ಇಣುಕ್ತು.

"ಮೇಷ್ಟ್ರೇ... ಆ ಸೀನಿದ್ದು, ಕಿಟಕಿ, ಎಲ್ಲಾ ಅದರಲ್ಲೇ ಇದೆಯಲ್ರೀ."

"ಇದೆ ಸಾರ್. ಇಬ್ಬರ ಇನ್‌ಕ್ರಿಮೆಂಟೂ ಹೋಯ್ತು."

ಆರು ತಿಂಗಳಾದ ಮೇಲೆ ಮೊದಲನೇ ಮಾತು! ಮಧ್ಯಾಹ್ನವೆಲ್ಲಾ ಇಬ್ಬರೂ ಒಂದೇ ಮೇಜಲ್ಲಿ ಕೂತು ಹೊಸ ಪುಸ್ತಕದಲ್ಲಿ ಆರು ತಿಂಗಳ ಮೆಮೋ ಬರೆದರು. "ತಾವು ತಂದ ರಸಬಾಳೆ ಬಹಳ ಸೊಗಸಾಗಿತ್ತು." "ತಮ್ಮ ಆರೋಗ್ಯ ನೋಡಿಕೊಳ್ಳುವುದು." ಬರೀತಾ ಬರೀತಾ ಇಬ್ಬರ ಕಣ್ಣೂ ಒದ್ದೆ. ಹಳೇದರ ಥರ ಕಾಣಲಿ ಅಂತ ನಾನು ಟೀ ಚಿಮುಕಿಸಿ ಬಿಸಿಲಿಗೆ ಇಟ್ಟೆ. "ಹಳೇ ಬೈಂಡೇ ಹಾಕ್ಲಾ" ಅಂದ್ರು, ಹಾಕಿದೆ. ಆ ಗಡಿಬಿಡೀಲಿ ಅರ್ಜಿ ಮರೆತೇಹೋಗಿತ್ತು ನನಗೆ!

ಇನ್‌ಸ್ಪೆಕ್ಟರ್ ಪುಸ್ತಕ ಓದಿ ಕರಗಿಹೋದ್ರು. "ಇಂಥ ಅನ್ಯೋನ್ಯ ಎಲ್ಲೂ ನೋಡಿಲ್ಲ ಕಣ್ರೀ" ಅಂತ ಮಡಚೋವಾಗ ಬೈಂಡಿನಿಂದ ಅರ್ಜಿ ಜಾರಿ ಅವರ ಮಡಿಲಿಗೇ ಬಿತ್ತು. ಗಟ್ಟಿಯಾಗಿ ಓದಿದ್ರು. "ಇನ್ನೊಂದು ದಿನವೂ ಕೆಲಸ ಮಾಡಲಾರೆ... ಏನ್ರೀ ಇದು?"

ಗಣಿತದ ಮೇಷ್ಟ್ರು ಸುಣ್ಣದ ಗೋಡೆ ಆಗಿಹೋದ್ರು. ನನಗೆ ಬನ್ನೂರಿನ ಬೆಲ್ಲದ ವಾಸನೆ ಮೂಗಿಗೇ ಬಡೀತು.

ಹೆಡ್‌ಮೇಷ್ಟ್ರು ಅರ್ಜಿ ನೋಡಿದ್ರು, ಮೇಷ್ಟ್ರನ್ನ ನೋಡಿದ್ರು, ಕೊನೇಗೆ ನನ್ನ ನೋಡಿದ್ರು. "ಮಾದರಿ ಅರ್ಜಿ ಸಾರ್. ಹುಡುಗರಿಗೆ ಕಲಿಸೋಕೆ ನಾನೇ ಬರೆಸಿದ್ದು."

"ನಿಮ್ಮನ್ನೇ ಬೈದು?"

"ಆಗಲೇ ಸಾರ್ ಹುಡುಗರಿಗೆ ಉತ್ಸಾಹ!"

ಇನ್‌ಸ್ಪೆಕ್ಟರ್ ನಕ್ಕು ಎದ್ದರು. ಗೋಡೆ ನೋಡಿ, ಕೈ ನೋಡಿ, "ನಿಮ್ಮ ಗಡಿಯಾರ ಐದು ನಿಮಿಷ ಮುಂದಿದೆಯಲ್ರೀ?" ಅಂದ್ರು.

ಗಣಿತದ ಮೇಷ್ಟ್ರು ಮುಂದೆ ಹಾರಿದ್ರು. "ಇಲ್ಲ ಸಾರ್! ಗಡಿಯಾರ ಸರಿಯಾಗೇ ಇದೆ. ತಮ್ಮ ವಾಚೇ ಹಿಂದಿದೆ!"

ಮಾರನೇ ದಿನ ಹತ್ತೂ ಐದಕ್ಕೆ ಮೇಷ್ಟ್ರು ಬಂದಾಗ ಕೆಂಪು ಗೆರೆ ಬಿದ್ದಿತ್ತು!

"ಇದೇನ್ ಸಾರ್?"

"ಗಡಿಯಾರ ಸರಿಯಾಗಿದೆ ಅಂತ ಇನ್‌ಸ್ಪೆಕ್ಟರ್ ಮುಂದೆ ನೀವೇ ಹೇಳಿದ್ರಲ್ಲ ಮೇಷ್ಟ್ರೇ!"

ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕರು. "ಆ ಅರ್ಜಿ ಮೇಲಕ್ಕೆ ಕಳಿಸ್ಲಾ?" ಅಂದ್ರು ಹೆಡ್‌ಮೇಷ್ಟ್ರು. "ಮಾದರಿ ತಾನೇ ಸಾರ್? ಗೋಡೆಗೆ ಅಂಟಿಸಿ" ಅಂದ್ರು ಮೇಷ್ಟ್ರು. ನಾನು ಕುಣಿದಾಡಿಬಿಟ್ಟೆ!

ಕುಣಿದಿದ್ದೇ ತಪ್ಪಾಯ್ತು. ಮೇಷ್ಟ್ರು ಕಿವಿ ಹಿಡಿದ್ರು. "ಅರ್ಜಿ ಬಚ್ಚಿಟ್ಟೋನು ನೀನು ತಾನೆ? ನಾಳೆಗೆ ನಲವತ್ತು ಲೆಕ್ಕ!" ನಲವತ್ತನ್ನೂ ಬೋರ್ಡ್ ಮೇಲೆ ಬರೆದರು.

ಮಾರನೇ ದಿನ ನನ್ನ ಪುಸ್ತಕ ತೆಗೆದು ನೋಡ್ತಾರೆ. ನಲವತ್ತೂ ಲೆಕ್ಕ ಸಾಲಾಗಿ ಇಳಿಸಿಕೊಂಡಿದ್ದೀನಿ. ಒಂದೊಂದರ ಕೆಳಗೂ ನನ್ನ ರುಜು ಇದೆ. ರುಜು ಮೇಲೆ ದುಂಡಗೆ ಬರೆದಿದ್ದೀನಿ: "ನೋಡಿದೆ."